ಮಾವನವರ ಕಾರು ಒರೆಸುವ ಬಟ್ಟೆ

ಮೊನ್ನೆ ಮೊಮ್ಮಗ ಕಾರು ಒರೆಸಲೆಂದು ಒಂದು ಕಟ್ಟು ಟವೆಲು ಕೊಂಡು ತಂದ. ಹಳದಿ ಬಣ್ಣ, ಅಂಚಿಗೆ ಕಪ್ಪು ಹೊಲಿಗೆ, ಪ್ಲಾಸ್ಟಿಕ್ ಚೀಲ ಬಿಚ್ಚಿದ ಕೂಡಲೇ ಗಪ್ಪೆಂದು ಅಂಗಡಿಯ ವಾಸನೆ. ಗೀರು ಬೀಳುವುದಿಲ್ಲವಂತೆ, ಕಲೆ ಉಳಿಯುವುದಿಲ್ಲವಂತೆ. ನಾನು ಒಂದನ್ನು ಎತ್ತಿಕೊಂಡು ಕೆನ್ನೆಗೆ ಒತ್ತಿ ನೋಡಿದೆ. ಆಮೇಲೆ, ಕುಡಿಯಲು ಇಟ್ಟುಕೊಂಡಿದ್ದ ನೀರಿನ ಲೋಟಕ್ಕೆ ಅದರ ಮೂಲೆಯನ್ನು ಇಳಿಬಿಟ್ಟು, ನೀರು ಎಷ್ಟು ಬೇಗ ಮೇಲೇರುತ್ತದೆ ಎಂದು ನೋಡುತ್ತಾ ಕುಳಿತೆ. ಅಜ್ಜಿಗೆ ಅರಳು ಮರಳು ಎಂದುಕೊಂಡನೋ ಏನೋ, ಮೊಮ್ಮಗ ನಕ್ಕ. ಅದು ನನ್ನ ಬುದ್ಧಿಯಲ್ಲ, ನನ್ನ ಮಾವನವರದು. ಅವರು ಹೋಗಿ ಎಷ್ಟೋ ಕಾಲವಾಯಿತು... ನನ್ನ ಕೈಗೆ ಆ ಅಭ್ಯಾಸ ಯಾವಾಗ ಬಂದು ಸೇರಿತ್ತೋ ನನಗೇ ತಿಳಿಯದು.

ನಾನು ಗೌರಿಬಿದನೂರಿನಿಂದ ಮೇಲೂರಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಕಾರಿತ್ತು. ಐವತ್ತರ ದಶಕದ ಮಾತು. ಊರಲ್ಲಿ ಸೈಕಲ್ಲುಗಳೇ ಬೆರಳೆಣಿಕೆಯಷ್ಟು. ಒಂದು ವರ್ಷ ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಬಂದಾಗ ಮಾವನವರು ಬೆಂಗಳೂರಿನಿಂದ ಹಳೆಯ ಕಪ್ಪು ಕಾರೊಂದನ್ನು ತಂದಿದ್ದರು. ಅದನ್ನು ಓಡಿಸಲು ಅವರಿಗೆ ಬರುತ್ತಿರಲಿಲ್ಲ. ಕಲಿಯಲು ಹೋಗಿ ಹಿಪ್ಪುನೇರಳೆ ತೋಟದೊಳಕ್ಕೇ ಇಳಿಸಿದ್ದರಂತೆ. ಅಲ್ಲಿಂದ ಓಡಿಸುವ ಕೆಲಸ ಡ್ರೈವರಿಗೆ, ತೊಳೆದ ಮೇಲೆ ಒರೆಸುವ ಕೆಲಸ ಇವರಿಗೆ ಎಂದು ಭಾಗವಾಗಿತ್ತು.

ನಮ್ಮ ಬಾವಿಯದು ಗಡಸು ನೀರು. ಬೇಳೆ ಬೇಯಬೇಕಾದರೆ ಅರ್ಧ ಹೊರೆ ಸೌದೆ ಬೇಕು. ಆ ನೀರು ಕಾರಿನ ಮೇಲೆ ತಾನಾಗಿ ಒಣಗಿದರೆ ಕಪ್ಪು ಬಣ್ಣದ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಬಿಳಿ ಚುಕ್ಕೆ. ಹಾಗಾಗಿ ತೊಳೆದ ಕೂಡಲೇ, ಬಿಸಿಲು ತಾಕುವ ಮೊದಲೇ, ಒರೆಸಿ ಮುಗಿಸಬೇಕಿತ್ತು. ಅದಕ್ಕೆ ಸರಿಯಾದ ಬಟ್ಟೆ ಯಾವುದು ಎನ್ನುವುದು ಮಾವನವರ ಜೀವನದ ದೊಡ್ಡ ಪ್ರಶ್ನೆಯಾಗಿ ಕುಳಿತಿತ್ತು.

ಪ್ರಯೋಗಗಳಿಗೆ ಲೆಕ್ಕವಿರಲಿಲ್ಲ. ಯಾವ ಬಟ್ಟೆ ಕೈಗೆ ಸಿಕ್ಕರೂ ಕೆನ್ನೆಗೆ ಒತ್ತಿ ನೋಡಿ, ಅದರ ಮೂಲೆಯನ್ನು ನೀರಿನ ಲೋಟಕ್ಕೆ ಇಳಿಬಿಟ್ಟು ನೋಡುತ್ತಾ ಕೂರುವರು. ಹೊಸ ಪಂಚೆಯಲ್ಲಿ ಗಂಜಿ ಇರುತ್ತದೆ, ನೀರು ಕುಡಿಯುವುದಿಲ್ಲ. ಟರ್ಕಿ ಟವೆಲು ನೀರೇನೋ ಕುಡಿಯಿತು, ಆದರೆ ಕಾರಿನ ಮೈಗೆಲ್ಲ ಜುಂಗು ಬಿಟ್ಟಿತು. ಖಾದಿ ಒರಟು. ರೇಷ್ಮೆ ಬೆಳೆಯುವ ಮನೆಯಲ್ಲವೇ ಎಂದು ಒಮ್ಮೆ ರೇಷ್ಮೆ ಬಟ್ಟೆಯನ್ನೂ ನೋಡಿದರು. ಅದು ನೀರನ್ನು ಈ ಕಡೆಯಿಂದ ಆ ಕಡೆಗೆ ದೂಡಿತೇ ಹೊರತು ಒಂದು ಹನಿ ಹೀರಲಿಲ್ಲ. ಯಾರೋ ಪುಣ್ಯಾತ್ಮರು ಬೆಂಗಳೂರಿನಿಂದ ಮೆದುವಾದ ಚರ್ಮದ ತುಂಡೊಂದನ್ನು ತಂದುಕೊಟ್ಟರು. ದೊರೆಗಳ ಕಾರನ್ನೆಲ್ಲ ಅದರಲ್ಲೇ ಒರೆಸುತ್ತಾರೆ ಎಂದರಂತೆ. ಒದ್ದೆಯಾದ ಮೇಲೆ ಅದರ ವಾಸನೆ ಹಿಡಿದು ಬಂದ ಬೀದಿನಾಯಿ ಬಾಯಲ್ಲಿ ಕಚ್ಚಿಕೊಂಡು ಓಡಿತು. ಮಾವನವರು ಪಂಚೆ ಎತ್ತಿಕಟ್ಟಿ ಅದರ ಹಿಂದೆ ಕೆರೆಯ ಏರಿಯವರೆಗೆ ಓಡಿದ್ದನ್ನು ಊರೇ ನೋಡಿತ್ತು.

“ಹೊಸದ್ರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ್ನಂತೆ” ಎಂದು ಅತ್ತೆಯವರು ಮೂಗು ಮುರಿಯುತ್ತಿದ್ದರು. ಆದರೆ ಕಾರು ಹಳೆಯದಾದರೂ ಮಾವನವರ ಉತ್ಸಾಹ ಹಳೆಯದಾಗಲಿಲ್ಲ. ಕೊನೆಗೆ ಅವರು ಕಂಡುಕೊಂಡದ್ದು ಇಷ್ಟು: ವರ್ಷಗಟ್ಟಲೆ ಉಟ್ಟು, ಒಗೆದು, ಒಣಗಿಸಿ, ಮತ್ತೆ ಉಟ್ಟು, ಬಣ್ಣವೆಲ್ಲ ಬಿಟ್ಟು ಇನ್ನೇನು ಹರಿಯಬೇಕು ಎನ್ನುವ ಸ್ಥಿತಿಗೆ ಬಂದ ನೂಲಿನ ಬಟ್ಟೆಗೆ ಸಮನಾದದ್ದು ಲೋಕದಲ್ಲಿ ಇನ್ನೊಂದಿಲ್ಲ. ಆಮೇಲೆ ಶುರುವಾಯಿತು ನೋಡಿ. ಮನೆಗೆ ಬಂದ ನೆಂಟರ ಪಂಚೆಯ ಅಂಚನ್ನು ಮಾತಿನ ನಡುವೆಯೇ ಬೆರಳಲ್ಲಿ ಹಿಚುಕಿ ನೋಡುವರು. “ಎಷ್ಟು ವರ್ಷದ್ದಪ್ಪ ಇದು?” ಎಂದು ಕೇಳುವರು. ಚಿಂತಾಮಣಿಯ ಬೀಗರೊಬ್ಬರು ನಮ್ಮ ಮನೆಗೆ ಬರುವಾಗ ಬೇಕೆಂದೇ ಗರಿಗರಿಯಾದ ಹೊಸ ಪಂಚೆ ಉಟ್ಟು ಬರುತ್ತಿದ್ದರು. ಸಿಡ್ಲಘಟ್ಟದಿಂದ ದಿಬ್ಬೂರಹಳ್ಳಿಯವರೆಗೆ ನಮ್ಮ ನೆಂಟರಿಷ್ಟರಲ್ಲಿ ಅವರ ಈ ಹುಚ್ಚು ತಿಳಿಯದವರು ಇರಲಿಲ್ಲ.

ಇಷ್ಟೆಲ್ಲ ನಾನು ಕಂಡದ್ದು ಬಾಗಿಲ ಮರೆಯಿಂದ. ಆ ಕಾಲದಲ್ಲಿ ನಮ್ಮ ಕಡೆ ಮಾವ ಸೊಸೆ ಎದುರೆದುರು ನಿಂತು ಮಾತನಾಡುವ ಪದ್ಧತಿ ಇರಲಿಲ್ಲ. ಅವರು ಒಳಗೆ ಬರುವಾಗ ಕೆಮ್ಮುತ್ತಿದ್ದರು, ನಾನು ಸೆರಗು ಹೊದ್ದು ಪಕ್ಕಕ್ಕೆ ಸರಿಯುತ್ತಿದ್ದೆ. ಕಾಫಿ ಬೇಕಾದರೆ ಅತ್ತೆಗೆ ಹೇಳುವರು, ಅತ್ತೆ ನನಗೆ ಹೇಳುವರು. ನನ್ನ ಕಿವಿಗೆ ಅದು ಮೊದಲೇ ಬಿದ್ದಿರುತ್ತಿತ್ತು, ಆದರೂ ಅತ್ತೆಯ ಬಾಯಿಂದ ಬರುವವರೆಗೆ ಕಾಯಬೇಕು. ಒಂದೇ ಸೂರಿನಡಿ ಇದ್ದರೂ ಅವರು ನನಗೆ ಒಂದು ಕೆಮ್ಮು, ಒಂದು ಬೆನ್ನು, ಅಷ್ಟೇ ಆಗಿದ್ದರು.

ನನ್ನ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಿತ್ತು. ಗಂಡು ಮಗು. ಮೊದಲ ಮೊಮ್ಮಗನೆಂಬ ಸಂಭ್ರಮದಲ್ಲಿ ನಮ್ಮಮ್ಮ ಪೇಟೆಯಿಂದ ಮೆತ್ತನೆಯ ಹೊಸ ಫ್ಲಾನೆಲ್ ಬಟ್ಟೆ ತರಿಸಿ ಅದರಲ್ಲೇ ಸುತ್ತಿದ್ದಳು. ಮಗುವಿಗೆ ಜ್ವರ ಬಂತು. ತೊಟ್ಟಿಲಿಗೆ ಹಾಕುವ ದಿನದವರೆಗೂ ಉಳಿಯಲಿಲ್ಲ... ಅದರ ಮುಖ ನೆನಪು ಮಾಡಿಕೊಳ್ಳಲು ನಾನು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಬಟ್ಟೆಯ ಬಣ್ಣ ನೆನಪಿಗೆ ಬರುತ್ತದೆ, ಮುಖ ಬರುವುದಿಲ್ಲ.

ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕಬಾರದು ಎನ್ನುವುದು ನಮ್ಮಲ್ಲಿ ನಡೆದು ಬಂದ ಮಾತು. ತುಂಬು ಬಾಳು ಬಾಳಿದ ಹಿರಿಯಳೊಬ್ಬಳ ಹಳೆಯ ಸೀರೆಯನ್ನು ಹರಿದು ಅದರಲ್ಲಿ ಕೂಸನ್ನು ಹಿಡಿಯಬೇಕು. ಅವಳ ಆಯುಸ್ಸು ಕೂಸಿಗೆ ಬರಲಿ ಎಂದು. ಆ ಸೀರೆಯನ್ನು ಅವಳೇ ಕೈಯಾರೆ ಕೊಟ್ಟಿರಬೇಕು. ಅತ್ತೆಯವರು ನಮ್ಮಮ್ಮನನ್ನು ಒಂದು ಮಾತೂ ಅನ್ನಲಿಲ್ಲ. “ಹೊಸ ಬಟ್ಟೆ ಸುತ್ತಿದ್ರಂತೆ” ಎಂದು ಒಮ್ಮೆ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ಜ್ವರಕ್ಕೂ ಬಟ್ಟೆಗೂ ಏನು ಸಂಬಂಧ ಎಂದು ಈಗ ಯಾರು ಬೇಕಾದರೂ ಕೇಳಬಹುದು. ಕೂಸು ಕಳೆದುಕೊಂಡವಳು ಹಾಗೆ ಕೇಳುವುದಿಲ್ಲ. ನಾನು ನಂಬಿದೆ.

ಎರಡನೆಯ ಸಲ ಬಸುರಿಯಾದಾಗ ಅತ್ತೆ ನನ್ನನ್ನು ತವರಿಗೆ ಕಳಿಸಲಿಲ್ಲ. ಕೂಸು ಕೈಗೆ ಬರುವವರೆಗೆ ಹೊರಗೆ ಯಾರೂ ಬಾಯಿ ಬಿಡಬಾರದು, ಕಣ್ಣು ಬೀಳುತ್ತದೆ ಎಂದು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದರು. ಒಂದು ದಿನ ನನ್ನನ್ನು ಕರೆದು ಕೋಣೆಯ ಟ್ರಂಕು ತೆಗೆದು ತೋರಿಸಿದರು. ಒಳಗೆ ಮಡಿಸಿಟ್ಟ ಒಂದು ಸೀರೆ. ಮಾವನವರ ತಾಯಿಯದು. ಆಕೆ ಮರಿಮಕ್ಕಳನ್ನು ಕಂಡು ಕಣ್ಣು ಮುಚ್ಚಿದವರು. ಹೆತ್ತ ಮಕ್ಕಳೆಲ್ಲ ಉಳಿದು ಬೆಳೆದಿದ್ದರು. ನನ್ನ ಮೊದಲ ಕೂಸು ಹೋದ ಸುದ್ದಿ ಕೇಳಿ, ಹಾಸಿಗೆ ಹಿಡಿದಿದ್ದವರು ತಾವೇ ಈ ಸೀರೆ ತೆಗೆಸಿ ಅತ್ತೆಯ ಕೈಗೆ ಕೊಟ್ಟು, “ಮುಂದಿನ ಕೂಸಿಗೆ ಇರ್ಲಿ” ಅಂದಿದ್ದರಂತೆ. ಒಂದು ಕಾಲಕ್ಕೆ ಕೆಂಪಿದ್ದಿರಬೇಕು, ಈಗ ಬೂದಿಯ ಬಣ್ಣ. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಇರಲಿಲ್ಲ. ಆವತ್ತಿನಿಂದ ನನಗೆ ನಿದ್ದೆ ಬರತೊಡಗಿತು. ಹೆದರಿಕೆಯಾದಾಗಲೆಲ್ಲ ಆ ಟ್ರಂಕಿನ ಮೇಲೆ ಹೋಗಿ ಕುಳಿತುಕೊಳ್ಳುತ್ತಿದ್ದೆ.

ನನಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಮನೆಯಲ್ಲಿ ಹುಳು ನಾಲ್ಕನೇ ಜ್ವರ, ಎಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿತ್ತು. ರೇಷ್ಮೆಹುಳು ಗೂಡು ಕಟ್ಟುವ ಮೊದಲು ಹೊಟ್ಟೆಬಾಕನಂತೆ ಸೊಪ್ಪು ತಿನ್ನುವ ಸಮಯ ಅದು. ಮನೆಮಂದಿಯೆಲ್ಲ ಅದರ ಚಾಕರಿಯಲ್ಲೇ ಇರಬೇಕು. ಅತ್ತೆ ಬೆಳಿಗ್ಗೆ ಸಿಡ್ಲಘಟ್ಟಕ್ಕೆ ಹೋಗಿದ್ದರು. ನಾನು ಹುಳುವಿನ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ. ಹೊರಗೆ ಕಾರು ತೊಳೆಯುವ ಸದ್ದು ಕೇಳುತ್ತಿತ್ತು. ಹಿಂದಿನ ದಿನ ಮಳೆ ಬಂದು ಒರೆಸುವ ಬಟ್ಟೆಗಳೆಲ್ಲ ಒದ್ದೆಯಾಗಿದ್ದವಂತೆ. ಬಿಸಿಲು ಏರುತ್ತಿತ್ತು. ಮಾವನವರು ಒಳಗೆ ಬಂದರು, ಕೆಮ್ಮಿದರು, ಎಲ್ಲೆಲ್ಲೋ ಹುಡುಕಿದರು. ಕೋಣೆಯ ಟ್ರಂಕಿನ ಮುಚ್ಚಳ ತೆಗೆದ ಸದ್ದು ನನಗೆ ಕೇಳಿಸಲಿಲ್ಲ.

ಮಧ್ಯಾಹ್ನ ಅತ್ತೆ ಬಂದಾಗ ಮಾವನವರು ಜಗುಲಿಯ ಮೇಲೆ ಕಾಲು ಚಾಚಿ ಕುಳಿತು ಕಾರನ್ನು ನೋಡುತ್ತಿದ್ದರು. ಕಾರು ಅಷ್ಟು ಚೆನ್ನಾಗಿ ಹೊಳೆದದ್ದನ್ನು ನಾನೂ ಕಂಡಿರಲಿಲ್ಲ. “ಇಂಥ ಬಟ್ಟೆ ಜನ್ಮದಲ್ಲೇ ಸಿಕ್ಕಿರ್ಲಿಲ್ಲ ಕಣೇ! ನೀರು ಕಂಡಿದ್ದೇ ತಡ, ಕುಡ್ಕೊಂಬಿಡ್ತು” ಎಂದರು. ತಂತಿಯ ಮೇಲೆ ನಾಲ್ಕು ತುಂಡುಗಳು ನೇತಾಡುತ್ತಿದ್ದವು. ಒಂದಕ್ಕೆ ಎಣ್ಣೆಯ ಮಸಿ ಹತ್ತಿತ್ತು. ಅತ್ತೆ ಹತ್ತಿರ ಹೋಗಿ ಅಂಚು ಹಿಡಿದು ನೋಡಿದರು. ಅವರು ಕೂಗಾಡಿದ್ದರೆ ಚೆನ್ನಾಗಿತ್ತು, ಕೂಗಾಡಲಿಲ್ಲ.

“ಇದು ನಿಮ್ಮವ್ವನ ಸೀರೆ. ಹೆರಿಗೇಗೆ ಅಂತ ಇಟ್ಟಿದ್ದು” ಅಂದರು.

ಯಾರ ಪಂಚೆ ಎಷ್ಟು ವರ್ಷದ್ದು ಎಂದು ಬೆರಳಲ್ಲೇ ಹೇಳುತ್ತಿದ್ದ ಮನುಷ್ಯನಿಗೆ ಹೆತ್ತ ತಾಯಿಯ ಸೀರೆಯ ಗುರುತು ಸಿಕ್ಕಿರಲಿಲ್ಲ. ಅವರ ಕಣ್ಣಿಗೆ ಅದು ಬರೀ ಒಳ್ಳೆಯ ಬಟ್ಟೆಯಾಗಿ ಕಂಡಿತ್ತು. ಅವರು ಎದ್ದು ಹೋಗಿ ಆ ತುಂಡುಗಳನ್ನು ತಂತಿಯಿಂದ ಒಂದೊಂದಾಗಿ ತೆಗೆದು, ತೊಡೆಯ ಮೇಲೆ ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಒಗೆದು ಕೊಡುತ್ತೇನೆ ಎಂದು ಒಮ್ಮೆ ಅಂದರಂತೆ. ಒಂದು ತುಂಡಿಗೆ ಮಸಿ ಮುಟ್ಟಿದರೂ ಇಡೀ ಸೀರೆಯೇ ಕೂಸಿಗೆ ಆಗುವುದಿಲ್ಲ ಎಂದರು ಅತ್ತೆ.

ನಾನು ಕೊಟ್ಟಿಗೆಗೆ ಹೋಗಿ ಹಸುವಿನ ಮಗ್ಗುಲಲ್ಲಿ ನಿಂತು ಅತ್ತುಬಿಟ್ಟೆ. ಈ ಕೂಸೂ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿಹೋಗಿತ್ತು. ಬಾಯಿಗೆ ಸೆರಗು ತುರುಕಿಕೊಂಡು ಅಳುವಾಗ ಹಿಂದೆ ಒಂದು ಕೆಮ್ಮು ಕೇಳಿತು. ತಿರುಗಿ ನೋಡುವಷ್ಟರಲ್ಲಿ ಅವರು ಹೋಗಿದ್ದರು. ಏನಾದರೂ ಹೇಳಬೇಕೆಂದು ಬಂದಿದ್ದರೋ... ಹೇಳುವುದು ಹೇಗೆ, ನಡುವೆ ಮಾತು ಮುಟ್ಟಿಸುವವರು ಯಾರೂ ಇರಲಿಲ್ಲವಲ್ಲ.

ಮಾರನೆಯ ಬೆಳಿಗ್ಗೆಯೇ ಮಾವನವರು ಕಾರು ಹತ್ತಿ ಹೊರಟರು. ಎಲ್ಲಿಗೆ ಎಂದು ಮನೆಯಲ್ಲಿ ಹೇಳಲಿಲ್ಲ. ಆಮೇಲೆ ನಮಗೆ ತಿಳಿದದ್ದು ಏನೆಂದರೆ, ಅವರು ನೆಂಟರ ಪೈಕಿ ಎಲ್ಲೆಲ್ಲಿ ತುಂಬು ವಯಸ್ಸಿನ ಮುದುಕಿಯರಿದ್ದಾರೋ ಅಲ್ಲಿಗೆಲ್ಲ ಹೋಗಿ ಒಂದು ಹಳೆಯ ಸೀರೆ ಕೊಡಿ ಎಂದು ಕೇಳುತ್ತಿದ್ದರು. ಕೂಸಿಗೆ ಎಂದು ಬಾಯಿ ಬಿಡುವಂತಿಲ್ಲ, ಅತ್ತೆಯ ಅಪ್ಪಣೆ. ಅದೂ ಅಲ್ಲದೆ ಗಂಡಸಾದವನು ಸೊಸೆಯ ಹೆರಿಗೆಯ ಮಾತನ್ನು ಇನ್ನೊಬ್ಬರ ಮನೆಯ ನಡುಮನೆಯಲ್ಲಿ ಎತ್ತುವುದುಂಟೇ! ಆದ್ದರಿಂದ ಬರೀ ‘ಹಳೇ ಸೀರೆ’ ಎಂದು ಕೇಳಿದರು. ಕೇಳಿದವರು ಯಾರು? ನಾಯಿಯ ಹಿಂದೆ ಓಡಿದ ಕಾರಿನ ಯಜಮಾನರು. ಜನ ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡರು.

ಚಿಂತಾಮಣಿಯಲ್ಲಿ ಕಾರಿಟ್ಟವರಿಗೆ ಹಳೆಯ ಸೀರೆ ಕೊಟ್ಟರೆ ನಮ್ಮ ಮರ್ಯಾದೆ ಏನಾದೀತು ಎಂದು ಹೊಸದೊಂದು ಸೀರೆ, ಕಣ, ಎಲೆ ಅಡಿಕೆ ಕೊಟ್ಟು ಕಳಿಸಿದರಂತೆ. ನಗರಗೆರೆಯಲ್ಲಿ ಮನೆ ತುಂಬಾ ಜನ ಸೇರಿ ನಕ್ಕರಂತೆ. “ಕಾರೊರೆಸಕ್ಕೆ ನಮ್ಮಜ್ಜಿ ಸೀರೆನೇ ಆಗ್ಬೇಕಾ ನಿಮ್ಗೆ? ಅಜ್ಜಿನೇ ಕರ್ಕೊಂಡೋಗಿ, ಒರೆಸಿಕೊಡ್ತಾಳೆ” ಅಂದನಂತೆ ಆ ಮನೆಯ ಅಳಿಯ. ಮಾವನವರ ಮೂಗಿನ ತುದಿಯಲ್ಲಿ ಕೋಪ. ಯಾರಾದರೂ ಅರ್ಧ ಮಾತು ಆಡಿದರೆ ಊಟದ ಎಲೆ ಬಿಟ್ಟು ಏಳುವವರು. ಆವತ್ತು ಕೇಳಿಸಿಕೊಂಡು ಸುಮ್ಮನೆ ಬಂದರಂತೆ.

ಕೊನೆಗೆ ದಿಬ್ಬೂರಹಳ್ಳಿಗೆ ಹೋದರು. ಅಲ್ಲಿ ಅವರ ಚಿಕ್ಕವ್ವ ಇದ್ದರು, ತಾಯಿಯ ಬೆನ್ನಿಗೆ ಹುಟ್ಟಿದ ತಂಗಿ. ಬೆನ್ನು ಬಾಗಿತ್ತು, ನಾಲಿಗೆ ಬಾಗಿರಲಿಲ್ಲ. ಮಾತಿನ ನಡುನಡುವೆ ತೆಲುಗು. ಅಲ್ಲಿ ನಡೆದದ್ದನ್ನು ಆಕೆಯೇ ಆಮೇಲೆ ನಮ್ಮ ನಡುಮನೆಯಲ್ಲಿ ಕುಳಿತು ಅಭಿನಯಿಸಿ ತೋರಿಸಿದರು.

“ಏಮಿರಾ, ನಾನಿನ್ನೂ ಬದುಕಿದೀನಿ ಕಣೋ! ಮೈಮೇಲಿರೋದನ್ನ ಬಿಚ್ಕೊಂಡೋಗಿ ಕಾರೊರೆಸ್ತೀಯಾ?” ಎಂದು ಆಕೆ ಕೋಲು ಎತ್ತಿದರಂತೆ. ಮಾವನವರು ತಿರುಗಿ ಬರಲಿಲ್ಲ. ಆಕೆಯ ಕಾಲ ಬುಡದಲ್ಲಿ ಕುಳಿತು, “ಚಿಕ್ಕವ್ವ, ಅವ್ವನ ಸೀರೆ ಹರಿದ್ಬಿಟ್ಟೆ” ಎಂದರಂತೆ. ಇಷ್ಟು ವಯಸ್ಸಾದ, ತಲೆ ನರೆತ ಗಂಡಸು ಮುಖ ಮುಚ್ಚಿಕೊಂಡು ಅತ್ತನಂತೆ. ಅಕ್ಕ ಆ ಸೀರೆಯನ್ನು ಯಾಕೆ ಕೊಟ್ಟಿದ್ದಳೆಂದು ತಂಗಿಗೆ ಗೊತ್ತಿತ್ತು. ಮಾವನವರು ಕೂಸಿನ ಮಾತನ್ನು ಎತ್ತಬೇಕಾಗಿಯೇ ಬರಲಿಲ್ಲ.

ಆಕೆ ಒಳಗೆ ಹೋಗಿ ಉಟ್ಟಿದ್ದ ಸೀರೆಯನ್ನೇ ಬಿಚ್ಚಿ ಬೇರೆ ಉಟ್ಟುಕೊಂಡು, ಅದನ್ನು ಒಗೆದು ಒಣಹಾಕಿ, ಒಣಗುವವರೆಗೆ ಮಾವನವರನ್ನು ಕೂರಿಸಿಕೊಂಡು ಮುದ್ದೆ ಉಣ್ಣಿಸಿದರಂತೆ. ಆಮೇಲೆ, “ನಿನ್ನ ಕೈಗೆ ಕೊಡಲ್ಲ ಕಣೋ, ದಾರೀಲಿ ಕಾರಿಗೆ ಧೂಳು ಬಿದ್ರೆ ಕಷ್ಟ. ನಾನೇ ತರ್ತೀನಿ” ಎಂದು ತಾವೇ ಹೊರಟರು. ಜೀವಮಾನದಲ್ಲಿ ಮೊದಲ ಸಲ ಕಾರು ಹತ್ತಿದ್ದು. ಗಂಟನ್ನು ಸೀಟಿನ ಮೇಲೂ ಇಡದೆ ಮಡಿಲಲ್ಲಿಟ್ಟುಕೊಂಡು ಬಂದು ನಮ್ಮ ಬಾಗಿಲಲ್ಲಿ ಇಳಿದರು. ನನ್ನ ತಲೆ ಸವರಿ, ಗಂಟನ್ನು ನನ್ನ ಕೈಗಿಟ್ಟು, “ನಾನು ಇಷ್ಟು ಬೇಗ ಹೋಗಲ್ಲ, ನಿನ್ನ ಕೂಸೂ ಹೋಗಲ್ಲ. ಊಟ ಮಾಡು ನಡಿ” ಎಂದರು. ನಾನು ಆ ಗಂಟನ್ನು ಎದೆಗೊತ್ತಿಕೊಂಡು ನಿಂತೆ. ಮಾವನವರು ಕಾರಿನ ಆಚೆ ಬದಿಯಲ್ಲಿ ನಿಂತು ಬೇರೆ ಎಲ್ಲೋ ನೋಡುತ್ತಿದ್ದರು. ಕಾರು ಮೈತುಂಬ ಕೆಂಪು ಧೂಳು ಹೊದ್ದಿತ್ತು. ಅವರು ಒರೆಸಿರಲಿಲ್ಲ.

ಹೆರಿಗೆಯ ದಿನ ಬೆಳಿಗ್ಗೆ ಎಲ್ಲರೂ ಒಳಗೆ ಹೊರಗೆ ಓಡಾಡುತ್ತಿದ್ದಾಗ ಗಂಡಸರಿಗೆ ಮಾಡಲು ಕೆಲಸವಿರಲಿಲ್ಲ. ಕೈಕಾಲು ಆಡದೆ ಮಾವನವರು ಡ್ರೈವರನ್ನು ಕರೆದು ಕಾರು ತೊಳೆಯಲು ನಿಂತರಂತೆ. ಕೊಡಗಟ್ಟಲೆ ನೀರು ಸುರಿದು, ಒರೆಸಲು ತಮ್ಮದೇ ಒಂದು ಹರಕು ಬನಿಯನ್ನು ತೆಗೆದುಕೊಂಡು ಬಾನೆಟ್ಟಿನ ಮೇಲೆ ಇಟ್ಟಿದ್ದರಷ್ಟೆ, ಒಳಗೆ ಕೂಸು ಅತ್ತಿತು. ಬನಿಯನ್ನು ಅಲ್ಲೇ ಬಿಟ್ಟು ಓಡಿ ಬಂದವರು ಬಾಗಿಲ ಹೊರಗೆ ನಿಂತು ಕೆಮ್ಮಿದರು. ಮತ್ತೆ ಮತ್ತೆ ಕೆಮ್ಮಿದರು. ಹೆರಿಗೆಗೆಂದು ನಮ್ಮಲ್ಲೇ ಉಳಿದಿದ್ದ ಚಿಕ್ಕವ್ವ ಒಳಗಿನಿಂದಲೇ, “ಹೆಣ್ಣು ಕಣೋ, ಗಟ್ಟಿಯಾಗೈತೆ. ಕೆಮ್ಮಿದ್ದು ಸಾಕು” ಎಂದರು. ಕೂಸು ಆ ಸೀರೆಯ ತುಂಡಿನೊಳಗೆ ಮುಷ್ಟಿ ಕಟ್ಟಿಕೊಂಡು ನನ್ನ ಪಕ್ಕದಲ್ಲಿತ್ತು.

ಅಷ್ಟರಲ್ಲಿ ಹೊರಗೆ ಕಾರು ಬಿಸಿಲಲ್ಲಿ ತಾನಾಗಿ ಒಣಗಿ, ಮೈಯೆಲ್ಲ ಬಿಳಿ ಚುಕ್ಕೆ ಎದ್ದಿತ್ತು. ಡ್ರೈವರು ಹುಣಸೆಹಣ್ಣು ಹಾಕಿ ಉಜ್ಜುತ್ತೇನೆ ಎಂದರೆ ಮಾವನವರು ಬೇಡ ಅಂದರಂತೆ. ಆಮೇಲೆಯೂ ತೊಳೆಯುತ್ತಿದ್ದರು, ಕೈಗೆ ಸಿಕ್ಕಿದ್ದರಲ್ಲಿ ಒರೆಸುತ್ತಿದ್ದರು. ನೆಂಟರು ಮಾತ್ರ ಎಷ್ಟೋ ವರ್ಷ ಹೊಸ ಪಂಚೆ ಉಟ್ಟೇ ಬರುತ್ತಿದ್ದರು.

ತೊಟ್ಟಿಲಿಗೆ ಹಾಕಿದ ದಿನ ಅವರು ಕೂಸನ್ನು ಮೊದಲ ಸಲ ಎತ್ತಿಕೊಂಡರು. ನಾನು ಬಾಗಿಲ ಪಕ್ಕ ಸೆರಗು ಹೊದ್ದು ನಿಂತಿದ್ದೆ. ಅವರು ಕೂಸಿನ ಮುಖವನ್ನೇ ನೋಡುತ್ತಾ, ಸ್ವಲ್ಪ ಗಟ್ಟಿಯಾಗಿ, “ನಿಮ್ಮಮ್ಮಂಗೆ ಹೇಳವ್ವ, ಇನ್ನು ಹೆದರ್ಕೋಬೇಡ ಅಂತ” ಎಂದರು. ಮನೆ ತುಂಬಾ ಜನರಿದ್ದರು. ನಾನು ಸೆರಗಿನ ತುದಿಯಲ್ಲಿ ಕಣ್ಣು ಒರೆಸಿಕೊಂಡೆ.

ಅಲ್ಲಿಂದ ನಮಗೆ ಮಾತಿನ ದಾರಿ ಸಿಕ್ಕಿತು. ಮಗಳಿಗೆ ಇನ್ನೂ ಕತ್ತು ನಿಲ್ಲುತ್ತಿರಲಿಲ್ಲ, ಆಗಲೇ ಅವಳಿಗೆ ಹೊರೆ ಹೊರೆ ಸಂದೇಶ. “ನಿಮ್ಮಮ್ಮಂಗೆ ಹೇಳು, ಕಾಫಿಗೆ ಸಕ್ಕರೆ ಕಮ್ಮಿಯಾಯ್ತು ಅಂತ.” ನಾನು ಒಳಗಿನಿಂದ, “ತಾತಂಗೆ ಹೇಳು, ಡಾಕ್ಟ್ರು ಕಡಿಮೆ ಮಾಡಿ ಅಂದವ್ರೆ ಅಂತ.” ಅವಳು ಬೆರಳು ಚೀಪುತ್ತಾ ಇಬ್ಬರನ್ನೂ ನೋಡುವಳು. ಮಾತು ಬಂದ ಮೇಲೆ ಅವಳು ಅದನ್ನು ತನ್ನ ಕೆಲಸವೆಂದೇ ತಿಳಿದು, ನಾವು ಆಡಿದ್ದಕ್ಕೆ ನಾಲ್ಕು ಸೇರಿಸಿ ಮುಟ್ಟಿಸತೊಡಗಿದಳು. ಮನೆಯಲ್ಲಿ ನಗೆ ಬಂದದ್ದು ಆಗಲೇ. ಬಟ್ಟೆಯ ವಿಷಯ ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದನ್ನು ಮಗುವಿನ ಮೂಲಕ ಹೇಳಿ ಕಳಿಸುವುದು ಹೇಗೆ?

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾವನವರು ಹಾಸಿಗೆ ಹಿಡಿದರು. ಕಾರನ್ನು ಚಿಕ್ಕಬಳ್ಳಾಪುರದವರೊಬ್ಬರಿಗೆ ಕೊಟ್ಟಾಗಿತ್ತು. ಒಂದು ಮಧ್ಯಾಹ್ನ ಅತ್ತೆ ತೋಟಕ್ಕೆ ಹೋಗಿದ್ದರು, ಮಗಳು ಶಾಲೆಗೆ. ಮನೆಯಲ್ಲಿ ನಾವಿಬ್ಬರೇ. ನಾನು ಅಡುಗೆಮನೆಯ ಬಾಗಿಲಲ್ಲಿ ಕಿವಿ ಅತ್ತ ಇಟ್ಟುಕೊಂಡು ಕುಳಿತಿದ್ದೆ. ಅವರು ಕೆಮ್ಮಿದರು. ಮಗುವಿನ ಹೆಸರು ಹಿಡಿದು ಕರೆದರು. ಅವಳಿಲ್ಲ ಎಂದು ನೆನಪಾಯಿತೇನೋ, ನನ್ನ ಕಡೆಗೆ ಮುಖ ತಿರುಗಿಸಿದರು.

“ಒಂದ್ಲೋಟ ನೀರು ಕೊಡಮ್ಮ” ಎಂದರು.

ನನಗೇ ಹೇಳಿದ್ದು. ನಾನು ನೀರು ತೆಗೆದುಕೊಂಡು ಹೋಗಿ, ಕತ್ತಿನ ಕೆಳಗೆ ಕೈ ಕೊಟ್ಟು ಕುಡಿಸಿದೆ. “ಸಾಕಾ ಮಾವ?” ಎಂದೆ. ಅವರು ತಲೆ ಆಡಿಸಿದರು. ಆ ಮನೆಯಲ್ಲಿ ಅಷ್ಟು ವರ್ಷ ಇದ್ದು ನಾವು ನೇರವಾಗಿ ಆಡಿದ ಮಾತು ಇಷ್ಟೇ. ನನಗೆ ಇನ್ನೂ ಹೇಳುವುದಿತ್ತು. ನೀವು ಯಾರಿಗಾಗಿ ಊರೂರು ಸುತ್ತಿ ಬೈಸಿಕೊಂಡು ಬಂದಿರೋ ಅದು ನನಗೆ ಗೊತ್ತು ಮಾವ, ಎನ್ನಬೇಕಿತ್ತು. ಅಷ್ಟರಲ್ಲಿ ಅತ್ತೆ ಬಂದರು, ನಾನು ಸೆರಗು ಎಳೆದುಕೊಂಡು ಒಳಗೆ ಸರಿದೆ. ಸಂಜೆಗೆ ಅವರು ಹೋದರು...

ಮಗಳಿಗೆ ಈಗ ಅರವತ್ತು ದಾಟಿದೆ. ಗುಂಡುಕಲ್ಲಿನ ಹಾಗಿದ್ದಾಳೆ, ಬಾಯಿಯಂತೂ ದಿಬ್ಬೂರಹಳ್ಳಿಯ ಅಜ್ಜಿಯದೇ. ಮಾವನವರು ತೀರಿಕೊಂಡ ವಯಸ್ಸನ್ನು ನಾನು ಎಂದೋ ದಾಟಿ ಬಂದೆ, ಈಗ ನಾನೇ ಅವರಿಗಿಂತ ದೊಡ್ಡವಳು. ಈಗ ಎದುರು ಕುಳಿತು ಮಾತನಾಡಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ.